ವಯಸ್ಸಾದ ಬೆಕ್ಕಿನ ಹೊಟ್ಟೆ ಕೆಟ್ಟಾಗ: ಒತ್ತಡವೋ ಕಾಯಿಲೆಯೋ ತಿಳಿದು ನಡೆಯುವ ಕ್ರಮ

ನಮ್ಮ ಮನೆಯ ಬೆಕ್ಕು ಕೆಂಚನಿಗೆ 13 ತುಂಬಿದ ವರ್ಷವೇ ನಾವು ಬಾಡಿಗೆ ಮನೆ ಬದಲಿಸಿದೆವು. ಹೊಸ ಮನೆಗೆ ಬಂದ ನಾಲ್ಕನೆಯ ದಿನದಿಂದ ಅವನು ಆಗಾಗ ವಾಂತಿ ಮಾಡತೊಡಗಿದ, ಮಲವೂ ಸಡಿಲವಾಯಿತು. ಜಾಗ ಬದಲಾದ ಗಾಬರಿಗೆ ಹೀಗಾಗಿದೆ, ಹೊಂದಿಕೊಂಡ ಮೇಲೆ ತಾನಾಗಿಯೇ ಸರಿಹೋಗುತ್ತದೆ ಎಂದುಕೊಂಡು ನಾನು ಐದು ವಾರ ಕಾದೆ. ಅಷ್ಟರಲ್ಲಿ 4.6 ಕಿಲೋ ಇದ್ದ ಅವನ ತೂಕ 3.9 ಕಿಲೋಗೆ ಇಳಿದಿತ್ತು. ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರುವುದು ಕಂಡುಬಂತು. ಮಾತ್ರೆ ಶುರುವಾದ ಮೇಲೆ ವಾಂತಿ ನಿಂತಿತು, ಮೈಯೂ ತುಂಬಿಕೊಂಡಿತು. ಆದರೆ ಅದೇ ವರ್ಷದ ದೀಪಾವಳಿಯಲ್ಲಿ, ಪಟಾಕಿಯ ಮೂರು ರಾತ್ರಿಗಳ ನಂತರ, ಲೋಳೆ ಬೆರೆತ ಭೇದಿ ಮತ್ತೆ ಕಾಣಿಸಿಕೊಂಡಿತು. ಆಗ ಮಾಡಿಸಿದ ಪರೀಕ್ಷೆಗಳಲ್ಲಿ ಯಾವ ದೋಷವೂ ಇರಲಿಲ್ಲ, ಸದ್ದಡಗಿದ ಎರಡು ದಿನಕ್ಕೆ ಭೇದಿಯೂ ನಿಂತಿತು.

ಒಂದೇ ಬೆಕ್ಕಿಗೆ ಒಂದೇ ವರ್ಷದಲ್ಲಿ ಕಾಯಿಲೆಯೂ ಬಂದಿತ್ತು, ಒತ್ತಡವೂ ಬಾಧಿಸಿತ್ತು, ಎರಡೂ ಹೊಟ್ಟೆಯ ಮೂಲಕವೇ ಹೊರಬಂದಿದ್ದವು. ಆ ಐದು ವಾರಗಳ ವಿಳಂಬ ಇಂದಿಗೂ ನನ್ನನ್ನು ನೋಯಿಸುತ್ತದೆ. ಈ ಬರಹಕ್ಕೆ ಅದೇ ಕಾರಣ. ಮುದಿ ಬೆಕ್ಕಿನ ವಿಷಯದಲ್ಲಿ ‘ಇದು ಒತ್ತಡದಿಂದ ಆದದ್ದು’ ಎಂಬ ತೀರ್ಮಾನಕ್ಕೆ ಎಲ್ಲಕ್ಕಿಂತ ಕೊನೆಯಲ್ಲಿ ಬರಬೇಕು. ಒತ್ತಡವನ್ನು ಇಳಿಸುವ ಕೆಲಸವನ್ನಾದರೋ ಮೊದಲ ದಿನದಿಂದಲೇ ಆರಂಭಿಸಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಎರಡು ಮಾತುಗಳ ವಿವರಣೆಯಾಗಿವೆ.

ಹತ್ತು ವರ್ಷ ದಾಟಿದ ಬೆಕ್ಕನ್ನು ಪಶುವೈದ್ಯರು ಸಾಮಾನ್ಯವಾಗಿ ಹಿರಿಯ ಬೆಕ್ಕು ಎಂದು ಪರಿಗಣಿಸುತ್ತಾರೆ. ಬೆಕ್ಕಿನ ಮೊದಲ ಎರಡು ವರ್ಷಗಳನ್ನು ಮನುಷ್ಯರ 24 ವರ್ಷಕ್ಕೆ, ಆಮೇಲಿನ ಒಂದೊಂದು ವರ್ಷವನ್ನು ನಾಲ್ಕು ವರ್ಷಕ್ಕೆ ಹೋಲಿಸುವ ರೂಢಿಯ ಲೆಕ್ಕದಲ್ಲಿ 14ರ ಬೆಕ್ಕು 72ರ ಅಜ್ಜ ಅಥವಾ ಅಜ್ಜಿಗೆ ಸಮ. ನಡಿಗೆಯಲ್ಲಿ, ತುಪ್ಪಳದಲ್ಲಿ ಆ ವಯಸ್ಸು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಅದರಿಂದಾಗಿಯೇ ಅನೇಕರು ಮೋಸಹೋಗುತ್ತಾರೆ.

ಮೊದಲ ಹೆಜ್ಜೆ: ಕಾಯಬಾರದ ಲಕ್ಷಣಗಳನ್ನು ನೋಡುವುದು

ಬೆಕ್ಕಿನ ಹೊಟ್ಟೆ ಕೆಟ್ಟಿದೆ ಎಂದು ತಿಳಿದ ಕೂಡಲೇ ಕಾರಣವನ್ನು ಹುಡುಕುತ್ತ ಕೂರದೆ, ಮುಂದೆ ಹೇಳುವ ಲಕ್ಷಣಗಳಲ್ಲಿ ಒಂದಾದರೂ ಇದೆಯೇ ಎಂದು ನೋಡಬೇಕು. ಬೆಕ್ಕು 24 ಗಂಟೆಗಳಿಂದ ಏನನ್ನೂ ತಿಂದಿಲ್ಲದಿದ್ದರೆ. ಒಂದೇ ದಿನದಲ್ಲಿ ಮೂರು ನಾಲ್ಕು ಬಾರಿ ವಾಂತಿಯಾಗಿ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ. ವಾಂತಿಯಲ್ಲಿ ರಕ್ತವಿದ್ದರೆ ಅಥವಾ ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ. ಕಣ್ಣಿನ ಬಿಳಿಭಾಗ, ಒಸಡು ಅಥವಾ ಕಿವಿಯ ಒಳಗಿನ ಚರ್ಮ ಹಳದಿಗೆ ತಿರುಗಿದ್ದರೆ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಥವಾ ಮಲಗಿರುವಾಗಲೂ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಬಾರಿ ಉಸಿರೆಳೆಯುತ್ತಿದ್ದರೆ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರ ಬಳಿ ಒಯ್ಯಬೇಕು. ಗುದದ ಮೂಲಕ ಅಳೆದಾಗ ಆರೋಗ್ಯವಂತ ಬೆಕ್ಕಿನ ಮೈ ಬಿಸಿ 38 ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮನೆಯಲ್ಲಿ ಅಳೆಯಲು ಬೆಕ್ಕು ಒಪ್ಪದಿದ್ದರೆ ಬಲವಂತ ಬೇಡ. ಕಿವಿಯೂ ಪಾದಗಳೂ ತಣ್ಣಗಾಗಿ ಬೆಕ್ಕು ಮಂಕಾಗಿ ಬಿದ್ದುಕೊಂಡಿದೆಯೆಂಬುದಷ್ಟೇ ಸಾಕಷ್ಟು ಎಚ್ಚರಿಕೆ.

ಎರಡು ಸಂಗತಿಗಳನ್ನು ಬೇರೆಯಾಗಿ ಹೇಳಬೇಕು. ಗಂಡು ಬೆಕ್ಕು ಮರಳಿನ ಟ್ರೇಗೆ ಪದೇ ಪದೇ ಹೋಗಿ ತಿಣುಕುತ್ತಿದ್ದರೆ ಮನೆಯವರು ಅದನ್ನು ಮಲಬದ್ಧತೆ ಎಂದು ತಿಳಿಯುವುದುಂಟು. ಆದರೆ ಮೂತ್ರನಾಳ ಕಟ್ಟಿಕೊಂಡಿದ್ದರೂ ನೋಟ ಹಾಗೆಯೇ ಇರುತ್ತದೆ, ಅದು ಒಂದೆರಡು ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ಮರಳಿನಲ್ಲಿ ಮೂತ್ರದ ಒದ್ದೆ ಉಂಡೆ ಇಲ್ಲದಿದ್ದರೆ ರಾತ್ರಿಯಾದರೂ ಸರಿ, ಹೊರಡಬೇಕು. ಎರಡನೆಯದು ದಾರ. ನಮ್ಮ ಮನೆಗಳಲ್ಲಿ ಹೂವು ಕಟ್ಟುವ ದಾರ, ಬಾಳೆನಾರು, ರಾಖಿಯ ಎಳೆ, ಗಾಳಿಪಟದ ಮಾಂಜಾ ನೆಲದ ಮೇಲೆ ಸಿಗುವುದು ಸಾಮಾನ್ಯ, ಬೆಕ್ಕು ನುಂಗಲು ತೊಡಗಿದ ದಾರ ಅದರ ಮುಳ್ಳುಮುಳ್ಳಾದ ನಾಲಿಗೆಯ ಕಾರಣದಿಂದ ಹಿಂದಕ್ಕೆ ಬರದೆ ಒಳಕ್ಕೇ ಹೋಗುತ್ತದೆ. ಬಾಯಿಯಿಂದಲೋ ಗುದದಿಂದಲೋ ದಾರದ ತುದಿ ಇಳಿಬಿದ್ದಿದ್ದರೆ ಅದನ್ನು ಎಂದಿಗೂ ಎಳೆಯಬಾರದು. ಒಳಗಿನ ತುದಿ ಸಿಕ್ಕಿಕೊಂಡಿದ್ದರೆ ಎಳೆದ ದಾರ ಕರುಳನ್ನು ಗರಗಸದಂತೆ ಕೊಯ್ಯುತ್ತದೆ.

24 ಗಂಟೆಯ ಉಪವಾಸವನ್ನು ಇಷ್ಟು ಗಂಭೀರವಾಗಿ ಪರಿಗಣಿಸುವುದಕ್ಕೆ ಕಾರಣವಿದೆ. ‘ಲಂಘನಂ ಪರಮೌಷಧಂ’ ಎಂಬ ಮಾತನ್ನು ಕೇಳಿ ಬೆಳೆದವರು ನಾವು. ಹೊಟ್ಟೆ ಕೆಟ್ಟರೆ ಒಂದು ದಿನ ಹೊಟ್ಟೆಗೆ ಬಿಡುವು ಕೊಡುವುದು ನಮಗೆ ಸಹಜವಾಗಿ ತೋರುತ್ತದೆ. ಬೆಕ್ಕಿಗೆ ಈ ಮಾತು ಅನ್ವಯಿಸುವುದಿಲ್ಲ. ಬೆಕ್ಕು ಊಟ ಬಿಟ್ಟಾಗ ಮೈಯ ಕೊಬ್ಬು ಕರಗಿ ಯಕೃತ್ತಿನ ಕಡೆಗೆ ಹರಿಯುತ್ತದೆ, ಅಷ್ಟು ಕೊಬ್ಬನ್ನು ಸಂಸ್ಕರಿಸುವ ಶಕ್ತಿ ಆ ಯಕೃತ್ತಿಗೆ ಇಲ್ಲದ್ದರಿಂದ ಅದು ಅಲ್ಲೇ ತುಂಬಿಕೊಂಡು ಕೆಲವೇ ದಿನಗಳಲ್ಲಿ ಯಕೃತ್ತು ಸೋಲತೊಡಗುತ್ತದೆ. ಬೊಜ್ಜು ಬಂದಿದ್ದ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಹೀಗಾಗಿ ದಪ್ಪಗಿರುವ ಬೆಕ್ಕು ಒಂದು ದಿನ ತಿನ್ನದಿದ್ದರೇನಂತೆ ಎಂಬ ಸಮಾಧಾನ ತೀರ ತಪ್ಪು.

ಎರಡನೆಯ ಹೆಜ್ಜೆ: ಒತ್ತಡ ಹೊಟ್ಟೆಗೆ ಇಳಿಯುವ ಬಗೆಯನ್ನು ತಿಳಿಯುವುದು

ಬೆದರಿಕೆಯನ್ನು ಗ್ರಹಿಸಿದ ಮಿದುಳು ಸ್ರವಿಸುವ ರಾಸಾಯನಿಕಗಳು ಜಠರದ ಕೆಲಸವನ್ನು ನಿಧಾನಗೊಳಿಸುತ್ತವೆ, ದೊಡ್ಡ ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತವೆ. ಮೇಲೆ ತಿಂದದ್ದು ಮುಂದಕ್ಕೆ ಸಾಗದೆ ವಾಕರಿಕೆ ಮತ್ತು ಹಸಿವಿನ ಕೊರತೆ ಉಂಟಾದರೆ, ಕೆಳಗೆ ನೀರನ್ನು ಹೀರಿಕೊಳ್ಳಲು ಸಮಯ ಸಿಗದೆ ಮಲ ಸಡಿಲವಾಗುತ್ತದೆ. ಪರೀಕ್ಷೆಯ ಹಾಲ್‌ಗೆ ಹೋಗುವ ಮುನ್ನ ಹೊಟ್ಟೆ ತೊಳಸಿದ ಅನುಭವ ಇರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಬಹಳ ಉಪಯುಕ್ತ. ಅವರು 32 ಬೆಕ್ಕುಗಳನ್ನು 77 ವಾರಗಳ ಕಾಲ ದಿನವೂ ಗಮನಿಸಿದರು. ಅವುಗಳಲ್ಲಿ 12 ಆರೋಗ್ಯವಾಗಿದ್ದವು, 20ಕ್ಕೆ ಮೂತ್ರಕೋಶದ ದೀರ್ಘಕಾಲದ ಉರಿಯೂತವಿತ್ತು. ನೋಡಿಕೊಳ್ಳುವವರು ಬದಲಾದಾಗ, ದಿನಚರಿ ತಪ್ಪಿದಾಗ ಎರಡೂ ಗುಂಪಿನ ಬೆಕ್ಕುಗಳು ಕಡಿಮೆ ತಿಂದವು, ಟ್ರೇಯ ಹೊರಗೆ ಮಲವಿಸರ್ಜನೆ ಮಾಡಿದವು, ಕಾಯಿಲೆಯ ಇತರ ಲಕ್ಷಣಗಳನ್ನೂ ತೋರಿದವು. ವಯಸ್ಸು ಹೆಚ್ಚಿದಂತೆ ವಾಂತಿಯಂಥ ಜಠರದ ತೊಂದರೆಗಳೂ ಅವಿತುಕೊಳ್ಳುವ ವರ್ತನೆಯೂ ಹೆಚ್ಚಿದ್ದು ಇದೇ ಅಧ್ಯಯನದಲ್ಲಿ ಕಂಡುಬಂತು. ನಮ್ಮ ಕಣ್ಣಿಗೆ ಕ್ಷುಲ್ಲಕವಾದ ಬದಲಾವಣೆಯೂ ಆರೋಗ್ಯವಂತ ಬೆಕ್ಕಿನ ಹೊಟ್ಟೆಯನ್ನು ಕೆಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ನನಗೆ ಸಿಕ್ಕಿಲ್ಲ.

ಮುದಿತನದಲ್ಲಿ ಹೊಂದಿಕೊಳ್ಳುವ ಶಕ್ತಿಯೇ ಕುಗ್ಗಿರುತ್ತದೆ. ಕೀಲುನೋವಿರುವ ಬೆಕ್ಕಿಗೆ ಬೆದರಿದಾಗ ಹತ್ತಿ ಕೂರುತ್ತಿದ್ದ ಬೀರುವಿನ ತುದಿ ಎಟುಕುವುದಿಲ್ಲ. ಕಿವಿ ಮಂದವಾದ ಬೆಕ್ಕಿಗೆ ಹಿಂದಿನಿಂದ ಬಂದವರು ಇದ್ದಕ್ಕಿದ್ದಂತೆ ಪ್ರತ್ಯಕ್ಷವಾದಂತೆ ಆಗುತ್ತದೆ. ಕಣ್ಣು ಮಬ್ಬಾದ ಬೆಕ್ಕಿಗೆ ಕುರ್ಚಿಯೊಂದನ್ನು ಸರಿಸಿದರೂ ದಾರಿ ತಪ್ಪುತ್ತದೆ.

ಮೂರನೆಯ ಹೆಜ್ಜೆ: ಮಲ ಮತ್ತು ವಾಂತಿಯನ್ನು ಗಮನಿಸಿ ಬರೆದಿಡುವುದು

ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರೇ ಇದಕ್ಕೆ ಸಾಕು. ದಿನದ ಚೌಕದಲ್ಲಿ ಬೆಕ್ಕು ಎಷ್ಟು ತಿಂದಿತು, ವಾಂತಿಯಾಯಿತೇ, ಮಲ ಹೇಗಿತ್ತು, ಮನೆಯಲ್ಲಿ ಆ ದಿನ ಏನು ವಿಶೇಷ ಎಂಬ ನಾಲ್ಕು ಸಂಗತಿಗಳನ್ನು ಬರೆಯಬೇಕು. ವಾರಕ್ಕೊಮ್ಮೆ ತೂಕ ನೋಡಬೇಕು. ಮಗುವನ್ನು ತೂಗುವ ಡಿಜಿಟಲ್ ತಕ್ಕಡಿ ಉತ್ತಮ. ಇಲ್ಲದಿದ್ದರೆ ಬೆಕ್ಕನ್ನು ಎತ್ತಿಕೊಂಡು ನಿಂತು ತೂಕ ನೋಡಿ ನಮ್ಮ ತೂಕವನ್ನು ಕಳೆಯಬಹುದು, ಆದರೆ ಆ ವಿಧಾನದಲ್ಲಿ ನೂರಿನ್ನೂರು ಗ್ರಾಮ್‌ಗಳ ವ್ಯತ್ಯಾಸ ನಂಬಿಕೆಗೆ ಸಿಗುವುದಿಲ್ಲ. ನಾಲ್ಕು ಕಿಲೋ ತೂಗುವ ಬೆಕ್ಕು 200 ಗ್ರಾಮ್ ಕಳೆದುಕೊಂಡರೆ ಅದು 60 ಕಿಲೋ ತೂಗುವ ಮನುಷ್ಯರು ಮೂರು ಕಿಲೋ ಕಳೆದುಕೊಂಡಂತೆ. ಇಷ್ಟು ಸಣ್ಣ ಇಳಿತ ತುಪ್ಪಳದಡಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಕೆಂಚನ ಐದು ವಾರಗಳಲ್ಲಿ ನಾನು ಒಮ್ಮೆಯಾದರೂ ತೂಕ ನೋಡಿದ್ದರೆ ಆ ಕಥೆ ಬೇರೆಯಾಗುತ್ತಿತ್ತು.

ಮಲದ ವಿಷಯದಲ್ಲಿ ಎರಡು ಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬಹಳ ಸಹಾಯವಾಗುತ್ತದೆ. ಬೆಕ್ಕು ದಿನಕ್ಕೆ ಐದಾರು ಬಾರಿ ಟ್ರೇಗೆ ಓಡಿ, ಪ್ರತಿ ಬಾರಿ ಸ್ವಲ್ಪವೇ ಮಲ ಹಾಕಿ, ಅದರಲ್ಲಿ ಲೋಳೆ ಅಥವಾ ಕೆಂಪು ರಕ್ತದ ಗೆರೆ ಕಂಡರೆ ತೊಂದರೆ ದೊಡ್ಡ ಕರುಳಿನದು. ಒತ್ತಡದ ಭೇದಿ ಹೆಚ್ಚಾಗಿ ಈ ರೂಪದಲ್ಲಿ ಬರುತ್ತದೆ. ಅದರ ಬದಲು ದಿನಕ್ಕೆ ಎರಡು ಮೂರು ಬಾರಿಯಷ್ಟೇ ಹೋದರೂ ಪ್ರತಿ ಬಾರಿ ಹೇರಳವಾಗಿ, ನೀರಾಗಿ, ದುರ್ನಾತದಿಂದ ಕೂಡಿ ಮಲ ಬಂದು ಅದರ ಜೊತೆ ತೂಕವೂ ಇಳಿಯುತ್ತಿದ್ದರೆ ತೊಂದರೆ ಸಣ್ಣ ಕರುಳಿನದು, ಅದನ್ನು ಒತ್ತಡದ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು. ಮುದಿ ಬೆಕ್ಕಿನಲ್ಲಿ ಕರುಳಿನ ದೀರ್ಘಕಾಲದ ಉರಿಯೂತ ಮತ್ತು ನಿಧಾನವಾಗಿ ಬೆಳೆಯುವ ಕರುಳಿನ ಲಿಂಫೋಮಾ ಎಂಬ ಕ್ಯಾನ್ಸರ್ ಎರಡೂ ಹೀಗೆಯೇ ತೋರುತ್ತವೆ. ಎರಡು ದಿನಗಳಿಂದ ಮಲವೇ ಬಂದಿಲ್ಲದಿದ್ದರೆ ಅದನ್ನೂ ಬರೆಯಬೇಕು. ನೀರಿನ ಕೊರತೆ ಮತ್ತು ಸೊಂಟದ ನೋವಿನಿಂದ ಮುದಿ ಬೆಕ್ಕುಗಳಿಗೆ ಮಲಬದ್ಧತೆ ಆಗಾಗ ಕಾಡುತ್ತದೆ, ಗಟ್ಟಿಯಾದ ಮಲದ ಪಕ್ಕದಿಂದ ಸ್ವಲ್ಪ ನೀರುಮಲ ಸೋರಿದರೆ ಮನೆಯವರು ಅದನ್ನು ಭೇದಿಯೆಂದು ತಿಳಿಯುವ ಸಂಭವವೂ ಇದೆ.

ವಾಂತಿಗೆ ಮುನ್ನ ಹೊಟ್ಟೆ ಏರಿಳಿಯುತ್ತದೆ, ಬೆಕ್ಕು ಹಲವು ಬಾರಿ ಓಕರಿಸುತ್ತದೆ. ಅಂಥ ಶ್ರಮವಿಲ್ಲದೆ, ನುಂಗಿದ ಆಹಾರವೇ ಕೊಳವೆಯ ಆಕಾರದಲ್ಲಿ ಹೊರಬಂದರೆ ಅದು ಅನ್ನನಾಳದಿಂದ ಮರಳಿದ್ದು. ವೈದ್ಯರಿಗೆ ಈ ವ್ಯತ್ಯಾಸ ಮುಖ್ಯವಾದ್ದರಿಂದ ಫೋನಿನಲ್ಲಿ ಒಂದು ವಿಡಿಯೊ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ವಾಂತಿಯಾಗದೆಯೂ ವಾಕರಿಕೆ ಇರಬಹುದು: ತುಟಿ ನೆಕ್ಕುವುದು, ಜೊಲ್ಲು ಸುರಿಸುವುದು, ಹಸಿದಂತೆ ತಟ್ಟೆಯ ಬಳಿ ಬಂದು ಮೂಸಿ ಮುಖ ತಿರುಗಿಸುವುದು, ಊಟವನ್ನು ಮಣ್ಣಿನಲ್ಲಿ ಮುಚ್ಚುವಂತೆ ನೆಲವನ್ನು ಕೆರೆಯುವುದು. ಇದನ್ನು ಕಂಡು ‘ಬೆಕ್ಕಿಗೆ ಬಾಯಿರುಚಿ ಹೆಚ್ಚಾಗಿದೆ’ ಎಂದು ಆಹಾರದ ಬ್ರ್ಯಾಂಡ್ ಬದಲಿಸುತ್ತ ಹೋಗುವವರು ಅದಕ್ಕೆ ಇನ್ನೊಂದು ತೊಂದರೆಯನ್ನು ಸೇರಿಸುತ್ತಾರೆ.

ನೋವನ್ನು ಮುಖದಲ್ಲಿ ಗುರುತಿಸಲು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಅಳತೆಗೋಲನ್ನು ರೂಪಿಸಿದ್ದಾರೆ. ಕಿವಿಗಳು ಹೊರಕ್ಕೆ ತಿರುಗಿವೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗಾಗಿ ಮುಂದಕ್ಕೆ ಚಾಚಿದೆಯೇ, ತಲೆ ಹೆಗಲಿಗಿಂತ ಕೆಳಗೆ ಬಾಗಿದೆಯೇ ಎಂಬ ಐದು ಪ್ರಶ್ನೆಗಳು ಅದರಲ್ಲಿವೆ.

ನಾಲ್ಕನೆಯ ಹೆಜ್ಜೆ: ವೈದ್ಯರ ಬಳಿ ಏನನ್ನು ಕೇಳಬೇಕು

ಬೆಕ್ಕು ಲವಲವಿಕೆಯಿಂದಿದ್ದು, ತಿನ್ನುತ್ತಿದ್ದು, ಭೇದಿ ಮಾತ್ರ ಸ್ವಲ್ಪ ಇದ್ದರೆ ಎರಡು ಮೂರು ದಿನ ಮನೆಯಲ್ಲೇ ನೋಡಬಹುದು. ಅದಕ್ಕಿಂತ ಹೆಚ್ಚು ದಿನ ಮುಂದುವರಿದರೆ, ನಿಂತು ಮತ್ತೆ ಮರುಕಳಿಸಿದರೆ ಅಥವಾ ತೂಕ ಇಳಿದರೆ ಪರೀಕ್ಷೆ ಅಗತ್ಯ. ವಯಸ್ಸಾದ ಬೆಕ್ಕಿಗೆ ಬೇಕಾದವು ಸಾಮಾನ್ಯವಾಗಿ ಇವು: ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿಯನ್ನು ತೋರಿಸುವ ರಕ್ತಪರೀಕ್ಷೆ, ಸಕ್ಕರೆಯ ಮಟ್ಟ, ಥೈರಾಯ್ಡ್‌ನ ಟಿ4 ಹಾರ್ಮೋನಿನ ಮಟ್ಟ, ಮೂತ್ರದ ಸಾಂದ್ರತೆ, ಜಂತುಹುಳುಗಳಿಗಾಗಿ ಮಲಪರೀಕ್ಷೆ, ರಕ್ತದೊತ್ತಡ. ಇವುಗಳಲ್ಲಿ ಏನೂ ಸಿಗದೆ ತೊಂದರೆ ಮುಂದುವರಿದರೆ ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಬಿ12 ಜೀವಸತ್ವದ ಪರೀಕ್ಷೆ ಬರುತ್ತವೆ. ಸಣ್ಣ ಕರುಳು ಹಾಳಾದ ಬೆಕ್ಕಿನಲ್ಲಿ ಬಿ12 ಕಡಿಮೆಯಾಗಿರುತ್ತದೆ, ಅದನ್ನು ಪೂರೈಸದೆ ಬೇರೆ ಚಿಕಿತ್ಸೆ ಫಲಿಸುವುದು ಕಷ್ಟ. ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುವ, ತೂಕ ಇಳಿಯುತ್ತಿರುವ ಬೆಕ್ಕಿನಲ್ಲಿ ಮೂತ್ರಪಿಂಡದ ಕಾಯಿಲೆ ಅಥವಾ ಸಕ್ಕರೆ ಕಾಯಿಲೆಯನ್ನೂ, ಹಸಿವು ಹೆಚ್ಚಿದ್ದರೂ ಸೊರಗುತ್ತ ರಾತ್ರಿಯೆಲ್ಲ ಅರಚುವ ಬೆಕ್ಕಿನಲ್ಲಿ ಥೈರಾಯ್ಡ್ ತೊಂದರೆಯನ್ನೂ ಮೊದಲು ಶಂಕಿಸುತ್ತಾರೆ. ಥೈರಾಯ್ಡ್‌ಗೆ ಕೊಡುವ ಮಾತ್ರೆಯೇ ಕೆಲವು ಬೆಕ್ಕುಗಳಿಗೆ ವಾಂತಿ ತರಿಸುತ್ತದೆ ಎಂಬುದನ್ನು ತಿಳಿದಿರಬೇಕು. ಹಾಗಾದರೆ ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಬಾಯನ್ನೂ ಪರೀಕ್ಷಿಸಲು ಕೇಳಿಕೊಳ್ಳಿ. ಹಲ್ಲು ನೋಯುವ ಬೆಕ್ಕು ಒಣ ಆಹಾರವನ್ನು ಅಗಿಯದೆ ನುಂಗಿ, ಅದನ್ನು ಹಾಗೆಯೇ ಕಕ್ಕುತ್ತದೆ.

ಬೆಂಗಳೂರಿನಲ್ಲಿರುವವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಸಣ್ಣ ಊರುಗಳ ಪಶು ಆಸ್ಪತ್ರೆಗಳಲ್ಲಿ ದನಕರುಗಳ ಚಿಕಿತ್ಸೆಯೇ ಮುಖ್ಯ ಕೆಲಸವಾಗಿರುವುದರಿಂದ, ಮೇಲಿನ ಪರೀಕ್ಷೆಗಳಿಗೆ ರಕ್ತವನ್ನು ಎಲ್ಲಿಗೆ ಕಳುಹಿಸುತ್ತಾರೆಂದು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಲೇಸು.

ಆಸ್ಪತ್ರೆಗೆ ಹೋಗುವ ಪಯಣವೇ ಮುದಿ ಬೆಕ್ಕಿಗೆ ದೊಡ್ಡ ಆಘಾತವಾಗಬಾರದು. ಒಯ್ಯುವ ಬುಟ್ಟಿಯನ್ನು ಅಟ್ಟದಿಂದ ಆ ದಿನವಷ್ಟೇ ಇಳಿಸದೆ, ವರ್ಷವಿಡೀ ಬಾಗಿಲು ತೆರೆದು, ಹಳೆಯ ಟವೆಲ್ ಹಾಸಿ ಕೋಣೆಯ ಮೂಲೆಯಲ್ಲಿ ಇಟ್ಟಿರಬೇಕು; ಆಗ ಬೆಕ್ಕು ಅದನ್ನು ತನ್ನ ಮಲಗುವ ಜಾಗವೆಂದೇ ತಿಳಿದಿರುತ್ತದೆ. ಮೇಲ್ಭಾಗವನ್ನು ಬಿಚ್ಚಬಹುದಾದ ಬುಟ್ಟಿಯಾದರೆ ವೈದ್ಯರು ಬೆಕ್ಕನ್ನು ಎಳೆದು ಹೊರತೆಗೆಯದೆ ಅದರೊಳಗೇ ಪರೀಕ್ಷಿಸಬಹುದು. ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗುವುದಕ್ಕಿಂತ ಆಟೋ ವಾಸಿ; ಬುಟ್ಟಿಯ ಮೇಲೆ ತೆಳ್ಳನೆಯ ಬಟ್ಟೆ ಹೊದಿಸಿ, ಹಿಡಿಕೆಯಲ್ಲಿ ತೂಗಾಡಿಸದೆ ಅಡಿಯಲ್ಲಿ ಕೈಯಿಟ್ಟು ಹಿಡಿಯಬೇಕು. ಆಸ್ಪತ್ರೆಯೆಂದರೆ ತೀರ ಹೆದರುವ ಬೆಕ್ಕುಗಳಿಗೆ ಹೊರಡುವ ಮುನ್ನ ಕೊಡಲು ವೈದ್ಯರು ಗಾಬಾಪೆಂಟಿನ್ ಎಂಬ, ಹೆದರಿಕೆ ತಗ್ಗಿಸುವ ಔಷಧಿಯನ್ನು ಬರೆದುಕೊಡುವುದುಂಟು. ಮೂತ್ರಪಿಂಡದ ತೊಂದರೆಯಿದ್ದರೆ ಅದರ ಪ್ರಮಾಣ ತಗ್ಗಿಸಬೇಕಾದ್ದರಿಂದ ಇನ್ನೊಬ್ಬರ ಬೆಕ್ಕಿಗೆ ಕೊಟ್ಟ ಪ್ರಮಾಣವನ್ನು ಎಂದಿಗೂ ಅನುಸರಿಸಬಾರದು.

ಐದನೆಯ ಹೆಜ್ಜೆ: ಹಿಂದಿನ ಹದಿನೈದು ದಿನಗಳನ್ನು ಮರಳಿ ನೋಡುವುದು

ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಈ ಕೆಲಸವನ್ನು ಶುರುಮಾಡಬಹುದು. ಹೊಟ್ಟೆ ಕೆಟ್ಟ ದಿನದಿಂದ ಹಿಂದಕ್ಕೆ ಎರಡು ವಾರಗಳ ಕಾಲ ಮನೆಯಲ್ಲಿ ಏನೇನು ಬದಲಾಯಿತು ಎಂದು ಮನೆಮಂದಿಯೆಲ್ಲ ಕೂತು ನೆನಪಿಸಿಕೊಳ್ಳಬೇಕು. ನಮಗೆ ದೊಡ್ಡದಾಗಿ ಕಂಡದ್ದು ಬೆಕ್ಕಿಗೆ ಏನೂ ಅಲ್ಲದಿರಬಹುದು, ನಾವು ಗಮನಿಸದೇ ಇದ್ದದ್ದು ಅದಕ್ಕೆ ದೊಡ್ಡದಾಗಿರಬಹುದು. ಸುಣ್ಣಬಣ್ಣ ಮಾಡಿಸಿದ್ದು, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆದದ್ದು, ಮದುವೆಯ ನೆಂಟರು ಬಂದಿಳಿದದ್ದು ಬೇಗ ನೆನಪಾಗುತ್ತವೆ. ನೆನಪಾಗದವು ಬೇರೆ ಇರುತ್ತವೆ: ಮನೆಗೆಲಸದವರು ಬದಲಾಗಿ ಕಸ ಗುಡಿಸುವ ಹೊತ್ತು ಬೇರೆಯಾಗಿರುತ್ತದೆ, ಬೆಕ್ಕಿಗೆ ಬೆಳಗ್ಗೆ ಊಟ ಹಾಕುತ್ತಿದ್ದ ಮಗಳು ಹಾಸ್ಟೆಲ್ ಸೇರಿರುತ್ತಾಳೆ, ಸಂಜೆಯ ವೇಳೆ ಕಾಂಪೌಂಡಿನ ಮೇಲೆ ಹೊಸ ಗಂಡು ಬೆಕ್ಕೊಂದು ಬಂದು ಕೂತು ಕಿಟಕಿಯನ್ನೇ ದಿಟ್ಟಿಸುತ್ತಿರುತ್ತದೆ, ನಮ್ಮ ಬೆಕ್ಕು ಒರಗಿ ಮಲಗುತ್ತಿದ್ದ ಹಳೆಯ ಸೋಫಾವನ್ನು ಮಾರಿರುತ್ತೇವೆ. ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಬೆಕ್ಕಿಗೂ ತನ್ನವರೊಬ್ಬರು ಕಾಣದಾಗುತ್ತಾರೆ; ಅದರ ಮೇಲೆ ಹದಿಮೂರು ದಿನಗಳ ಜನಸಂದಣಿ ಮತ್ತು ಹೊಗೆ ಸೇರಿಕೊಳ್ಳುತ್ತವೆ. ಆ ದಿನಗಳಲ್ಲಿ ಯಾರಿಗೂ ಬೆಕ್ಕಿನ ತಟ್ಟೆಯನ್ನು ನೋಡುವ ವ್ಯವಧಾನ ಇರುವುದಿಲ್ಲ, ಆದ್ದರಿಂದ ಒಬ್ಬರಿಗೆ ಆ ಹೊಣೆಯನ್ನು ಹೇಳಿ ಒಪ್ಪಿಸುವುದು ಸರಿ.

ಸಿಕ್ಕಿದ ಕಾರಣಗಳಲ್ಲಿ ಹಿಂದಕ್ಕೆ ತಿರುಗಿಸಬಹುದಾದದ್ದನ್ನು ತಿರುಗಿಸಬೇಕು. ಕಿಟಕಿಯ ಕೆಳಗಿನ ಅರ್ಧಕ್ಕೆ ಕಾಗದ ಅಂಟಿಸಿದರೆ ಹೊರಗಿನ ಬೆಕ್ಕು ಕಾಣುವುದಿಲ್ಲ. ಊಟ ಹಾಕುವ ಕೈ ಬದಲಾದರೂ ಹೊತ್ತು, ತಟ್ಟೆ, ಜಾಗ ಮೊದಲಿನವೇ ಇರಲಿ.

ಆರನೆಯ ಹೆಜ್ಜೆ: ಒಂದು ಕೋಣೆಯನ್ನು ಬೆಕ್ಕಿಗೆ ಬಿಟ್ಟುಕೊಡುವುದು

ಹೊಟ್ಟೆ ಕೆಟ್ಟಿರುವ ದಿನಗಳಲ್ಲಿ ಬೆಕ್ಕಿಗೆ ಜನಸಂಚಾರ ಕಡಿಮೆಯಿರುವ ಒಂದು ಕೋಣೆ, ಅದಿಲ್ಲದ ಸಣ್ಣ ಮನೆಯಲ್ಲಿ ಮಂಚದ ಹಿಂದಿನ ಒಂದು ಮೂಲೆ ಬೇಕು. ಅಲ್ಲಿ ಎರಡು ಕಡೆ ತೂತು ಕೊರೆದ ಒಂದು ರಟ್ಟಿನ ಡಬ್ಬವಿರಲಿ. ಒಂದೇ ಬಾಗಿಲಿದ್ದರೆ ಬೆಕ್ಕಿಗೆ ಸಿಕ್ಕಿಬಿದ್ದಂತೆ ಅನ್ನಿಸುತ್ತದೆ. ನೆದರ್‌ಲೆಂಡ್ಸ್‌ನ ಆಶ್ರಯಧಾಮವೊಂದರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವಿತುಕೊಳ್ಳಲು ಡಬ್ಬ ಸಿಕ್ಕಿದ ಹೊಸ ಬೆಕ್ಕುಗಳು ಡಬ್ಬ ಸಿಗದವುಗಳಿಗಿಂತ ಬೇಗ ಶಾಂತವಾದವು. ಹಾಸಿಗೆಯ ಬಟ್ಟೆಯನ್ನು ಒಗೆಯಬೇಕಾಗಿ ಬಂದರೆ ಎಲ್ಲವನ್ನೂ ಒಮ್ಮೆಗೇ ಒಗೆಯದೆ, ಅದರ ಮೈವಾಸನೆಯಿರುವ ಒಂದು ತುಂಡನ್ನಾದರೂ ಉಳಿಸಬೇಕು. ಕಿಟಕಿಗೆ ಹತ್ತಲು ಮೊದಲು ಒಂದು ಮಣೆ, ಆಮೇಲೆ ಒಂದು ಸ್ಟೂಲು ಎಂಬಂತೆ ಮೆಟ್ಟಿಲು ಮಾಡಿಕೊಟ್ಟರೆ ಕೀಲುನೋವಿನ ಬೆಕ್ಕೂ ಎತ್ತರದ ಜಾಗವನ್ನು ಮತ್ತೆ ಪಡೆಯುತ್ತದೆ.

ಮರಳಿನ ಟ್ರೇಯನ್ನು ಊಟದಿಂದ ದೂರವಿಡಬೇಕು, ಆದರೆ ಬೆಕ್ಕು ಮಲಗುವ ಜಾಗದಿಂದ ತೀರ ದೂರವೂ ಆಗಬಾರದು. ಭೇದಿಯ ಅವಸರದಲ್ಲಿ ಮಹಡಿ ಇಳಿದು ಹೋಗುವುದು ಅದರಿಂದ ಆಗದು. ಅಂಚು ಎತ್ತರವಾಗಿದ್ದರೆ ಒಂದು ಬದಿಯನ್ನು ನೆಲದಿಂದ ಎಂಟು ಸೆಂಟಿಮೀಟರ್‌ನಷ್ಟೇ ಉಳಿಯುವಂತೆ ಕತ್ತರಿಸಿ, ಕೊಯ್ದ ಅಂಚಿಗೆ ಟೇಪು ಸುತ್ತಬೇಕು. ಬೆಕ್ಕುಗಳು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಹೆಚ್ಚಿರಲಿ, ದಿನಕ್ಕೆರಡು ಬಾರಿ ಮಲವನ್ನು ತೆಗೆಯಬೇಕು.

ಶುಚಿಗೊಳಿಸುವಾಗ ಫಿನಾಯಿಲ್ ಮತ್ತು ಡೆಟಾಲ್‌ಗಳನ್ನು ಬಳಸಬಾರದು. ಇವುಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ಪಾದಗಳನ್ನು ನೆಕ್ಕಿಕೊಂಡಾಗ ಆ ವಿಷ ನೇರವಾಗಿ ಹೊಟ್ಟೆಗೆ ಸೇರುತ್ತದೆ. ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೌಮ್ಯ ಸೋಪು ಸಾಕು.

ಬೆಕ್ಕನ್ನು ಸಮಾಧಾನಪಡಿಸಲು ಅದನ್ನು ಹುಡುಕಿ ಎತ್ತಿ ಮಡಿಲಲ್ಲಿ ಕೂರಿಸುವುದು ಹೆಚ್ಚಿನ ವೇಳೆ ವಿರುದ್ಧ ಫಲವನ್ನೇ ಕೊಡುತ್ತದೆ. ಅದೇ ಕೋಣೆಯಲ್ಲಿ ಸ್ವಲ್ಪ ದೂರ ಕೂತು, ಪುಸ್ತಕ ಓದುತ್ತಲೋ ಸೊಪ್ಪು ಬಿಡಿಸುತ್ತಲೋ ಇದ್ದರೆ ಅದು ತಾನಾಗಿ ಬರುತ್ತದೆ. ಬಂದಾಗ ಕೆನ್ನೆ, ಗದ್ದ, ಕಿವಿಯ ಬುಡವನ್ನು ಮೃದುವಾಗಿ ಸವರಬಹುದು. ನೋಯುತ್ತಿರುವ ಹೊಟ್ಟೆಯನ್ನೂ ಸೊಂಟವನ್ನೂ ಮುಟ್ಟಬಾರದು. ಅದರತ್ತ ನೋಡಿ ಕಣ್ಣುಗಳನ್ನು ನಿಧಾನವಾಗಿ ಮುಚ್ಚಿ ತೆರೆದರೆ ಬೆಕ್ಕುಗಳು ತಾವೂ ಹಾಗೆಯೇ ಪ್ರತಿಕ್ರಿಯಿಸುತ್ತವೆ, ಹಾಗೆ ಮಾಡಿದ ಅಪರಿಚಿತರ ಬಳಿಗೂ ಹೆಚ್ಚು ಸುಲಭವಾಗಿ ಬರುತ್ತವೆ ಎಂಬುದನ್ನು ಇಂಗ್ಲೆಂಡಿನ ಸಂಶೋಧಕರು 2020ರಲ್ಲಿ ತೋರಿಸಿದರು. ಕೆಂಚ ಇದಕ್ಕೆ ಉತ್ತರಿಸಿದ ದಿನವೇ ಅವನ ಊಟವೂ ಚೇತರಿಸಿಕೊಂಡಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಏಳನೆಯ ಹೆಜ್ಜೆ: ಊಟವನ್ನು ಸರಿಪಡಿಸುವುದು

ಮುದಿ ಬೆಕ್ಕಿಗೆ ದಿನಕ್ಕೆರಡು ಬಾರಿಯ ದೊಡ್ಡ ಊಟಕ್ಕಿಂತ ನಾಲ್ಕೈದು ಸಣ್ಣ ಊಟಗಳು ಒಗ್ಗುತ್ತವೆ. ಮೂಗಿನ ಶಕ್ತಿ ಕುಂದಿರುವುದರಿಂದ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಒದ್ದೆ ಆಹಾರ ಅದಕ್ಕೆ ವಾಸನೆಯೇ ಇಲ್ಲದ ವಸ್ತು; ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಮೈ ಬಿಸಿಯಷ್ಟು ಬೆಚ್ಚಗೆ ಮಾಡಿದರೆ ತಿನ್ನುವ ಸಾಧ್ಯತೆ ಹೆಚ್ಚುತ್ತದೆ. ಮೀಸೆ ತಾಗದ ಅಗಲವಾದ ತಟ್ಟೆಯನ್ನು ಒಂದು ಚಪ್ಪಟೆ ಮಣೆಯ ಮೇಲಿಟ್ಟರೆ ಕತ್ತು ಬಗ್ಗಿಸುವ ಶ್ರಮ ತಪ್ಪುತ್ತದೆ. ಆಹಾರದಲ್ಲಿರುವುದೂ ಸೇರಿ ಬೆಕ್ಕಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50 ಮಿಲಿಲೀಟರ್ ನೀರು ಬೇಕು, ಒಣ ಆಹಾರವನ್ನೇ ತಿನ್ನುವ ಬೆಕ್ಕು ಇಷ್ಟು ನೀರನ್ನು ಕುಡಿದು ತುಂಬಿಕೊಳ್ಳುವುದು ಅಪರೂಪ. ಮನೆಯ ಎರಡು ಮೂರು ಕಡೆ ಅಗಲ ಬಾಯಿಯ ಬಟ್ಟಲುಗಳಲ್ಲಿ ನೀರಿಡಬೇಕು. ನೀರು ಸಾಲುತ್ತಿದೆಯೇ ಎಂದು ತಿಳಿಯಲು ಕತ್ತಿನ ಚರ್ಮವನ್ನು ಎತ್ತಿ ನೋಡುವ ಪದ್ಧತಿ ಮುದಿ ಬೆಕ್ಕಿನಲ್ಲಿ ನಂಬಲರ್ಹವಲ್ಲ, ವಯಸ್ಸಿನಿಂದಲೇ ಚರ್ಮ ಸಡಿಲವಾಗಿರುತ್ತದೆ. ಒಸಡನ್ನು ಮುಟ್ಟಿ ನೋಡುವುದು ಮೇಲು: ಅದು ಜಾರುವಷ್ಟು ಒದ್ದೆಯಾಗಿರಬೇಕು, ಅಂಟಂಟಾಗಿದ್ದರೆ ನೀರು ಕಡಿಮೆಯಾಗಿದೆ.

ಹೊಟ್ಟೆ ಕೆಟ್ಟ ಎರಡು ಮೂರು ದಿನ ಉಪ್ಪು, ಅರಿಶಿನ, ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಬೇಯಿಸಿದ, ಮೂಳೆ ಮತ್ತು ಚರ್ಮ ತೆಗೆದ ಕೋಳಿಮಾಂಸವನ್ನು ಸಣ್ಣಗೆ ಬಿಡಿಸಿ ಕೊಡಬಹುದು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಆದ್ದರಿಂದ ಸಾರಿನಿಂದ ತೊಳೆದು ತೆಗೆದ ತುಂಡು ಕೂಡ ಬೇಡ. ಹೊಸ ಆಹಾರಕ್ಕೆ ಬದಲಾಯಿಸಬೇಕಾದರೆ ಹಳೆಯದರ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಏಳರಿಂದ ಹತ್ತು ದಿನ ತೆಗೆದುಕೊಳ್ಳಬೇಕು. ಮನೆ ಬದಲಿಸುವ ವಾರದಲ್ಲೇ ಆಹಾರವನ್ನೂ ಬದಲಿಸಬಾರದು.

ಹಾಲಿನ ವಿಷಯ ಅನೇಕರಿಗೆ ಇಷ್ಟವಾಗುವುದಿಲ್ಲ. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಕಡಿಮೆಯಾಗಿರುತ್ತದೆ, ಜೀರ್ಣವಾಗದ ಆ ಸಕ್ಕರೆ ಕರುಳಿನಲ್ಲಿ ನೀರನ್ನು ಎಳೆದುಕೊಂಡು ಭೇದಿಯಾಗುತ್ತದೆ. ಹೊಟ್ಟೆ ಕೆಟ್ಟಿದೆಯೆಂದು ಊಟ ಬಿಟ್ಟ ಬೆಕ್ಕಿಗೆ ‘ಹಾಲಾದರೂ ಕುಡಿಯಲಿ’ ಎಂದು ಇಡುವ ಬಟ್ಟಲು ತೊಂದರೆಯನ್ನು ಹೆಚ್ಚಿಸುತ್ತದೆ. ಮೊಸರನ್ನದಲ್ಲಿ ಆ ಸಕ್ಕರೆ ಕಡಿಮೆಯಿದ್ದು ಕೆಲವು ಬೆಕ್ಕುಗಳಿಗೆ ಒಗ್ಗುತ್ತದೆ ನಿಜ, ಆದರೆ ಅದೇ ನಿತ್ಯದ ಊಟವಾಗಬಾರದು. ಬೆಕ್ಕು ಮಾಂಸದಿಂದಲೇ ಬದುಕುವ ಪ್ರಾಣಿ. ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಅಂಶ ಕಡಿಮೆಯಾದರೆ ಕಣ್ಣಿನ ಅಕ್ಷಿಪಟಲವೂ ಹೃದಯದ ಸ್ನಾಯುವೂ ಹಾಳಾಗುತ್ತವೆ, ಹೃದಯದ ಈ ಸಂಬಂಧ 1987ರಲ್ಲೇ ಸಾಬೀತಾಗಿದೆ. ಮಾಂಸ ಬೇಯಿಸದ ಮನೆಗಳಲ್ಲಿ ಬೆಕ್ಕಿಗಾಗಿಯೇ ತಯಾರಾದ ಸಿದ್ಧ ಆಹಾರವನ್ನು ತಂದಿಡುವುದು ಅದಕ್ಕೆ ಸಲ್ಲಬೇಕಾದ ನ್ಯಾಯ.

ಎಂಟನೆಯ ಹೆಜ್ಜೆ: ಔಷಧಿಗಳಲ್ಲಿ ಕೈ ಹಿಡಿತದಲ್ಲಿಟ್ಟುಕೊಳ್ಳುವುದು

ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕ ವಿಷ; ಮನುಷ್ಯರ ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು. ಐಬುಪ್ರೊಫೆನ್ ಮತ್ತು ಆಸ್ಪಿರಿನ್ ಕೂಡ ಅಪಾಯಕಾರಿ. ಭೇದಿ ನಿಲ್ಲಿಸಲು ನಾವು ನುಂಗುವ ಮಾತ್ರೆಗಳನ್ನು, ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಅನ್ನು ಸ್ವಂತ ನಿರ್ಧಾರದಿಂದ ಕೊಡಬಾರದು. ಅಗತ್ಯವಿಲ್ಲದೆ ಕೊಟ್ಟ ಆಂಟಿಬಯೋಟಿಕ್ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ನಾಶಮಾಡುತ್ತದೆ. ಓಮದ ನೀರು, ಇಂಗು, ಹರಳೆಣ್ಣೆಗಳ ಮನೆಮದ್ದುಗಳಿಂದಲೂ ಬೆಕ್ಕನ್ನು ದೂರವಿಡಬೇಕು. ಮಲಬದ್ಧತೆಗೆಂದು ಎಣ್ಣೆಯನ್ನು ಬಾಯಿಗೆ ಬಲವಂತವಾಗಿ ಸುರಿದಾಗ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ.

ವಾಕರಿಕೆ ತಡೆಯುವ ಮಾರೊಪಿಟೆಂಟ್, ಹಸಿವು ಹೆಚ್ಚಿಸುವ ಮಿರ್ಟಾಜಪಿನ್ ಎಂಬ ಔಷಧಿಗಳನ್ನು ವೈದ್ಯರು ಬೆಕ್ಕಿನ ತೂಕ ಮತ್ತು ಮೂತ್ರಪಿಂಡದ ಸ್ಥಿತಿಯನ್ನು ನೋಡಿ ಕೊಡುತ್ತಾರೆ, ಅವು ಬಹಳ ಉಪಕಾರ ಮಾಡುತ್ತವೆ. ಬೆಕ್ಕಿಗೆಂದೇ ತಯಾರಿಸಿದ ಪ್ರೋಬಯಾಟಿಕ್ ಪುಡಿ (ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿರುವ ಪುಡಿ) ಒತ್ತಡದ ಭೇದಿಯಲ್ಲಿ ನೆರವಾಗಬಹುದು. ಬೆಕ್ಕುಗಳು ತಮ್ಮ ನಡುವೆ ಸಂಕೇತವಾಗಿ ಬಳಸುವ ವಾಸನೆಯನ್ನು ಅನುಕರಿಸಿ ಶಾಂತಗೊಳಿಸುವ ಕೃತಕ ಫೆರೊಮೋನ್ ಸಾಧನಗಳ ಬಗ್ಗೆ ಅಧ್ಯಯನಗಳ ಫಲ ಮಿಶ್ರವಾಗಿದೆ. ಹಣವಿದ್ದರೆ ಪ್ರಯತ್ನಿಸಬಹುದು, ಆದರೆ ಆ ಹಣದಲ್ಲಿ ರಕ್ತಪರೀಕ್ಷೆಯೋ ಅದೋ ಎಂಬ ಆಯ್ಕೆ ಬಂದರೆ ರಕ್ತಪರೀಕ್ಷೆಯನ್ನೇ ಆರಿಸಬೇಕು.

ಒಂಬತ್ತನೆಯ ಹೆಜ್ಜೆ: ಮುಂದಿನ ಹಬ್ಬಕ್ಕೆ ಈಗಲೇ ಅಣಿಯಾಗುವುದು

ಒತ್ತಡವನ್ನು ಮುಂಚಿತವಾಗಿ ತಿಳಿಯಲು ಸಾಧ್ಯವಿರುವ ದಿನಗಳು ನಮ್ಮ ಪಂಚಾಂಗದಲ್ಲೇ ಇವೆ. ಗಣಪತಿ ಬಿಡುವ ಮೆರವಣಿಗೆಯ ತಮಟೆ ಮತ್ತು ದೀಪಾವಳಿಯ ಪಟಾಕಿ ಯಾವ ವಾರ ಬರುತ್ತವೆಂದು ಗೊತ್ತಿರುವುದರಿಂದ, ಎರಡು ವಾರ ಮೊದಲೇ ಬೆಕ್ಕಿನ ಕೋಣೆಯನ್ನು ಸಿದ್ಧಪಡಿಸಿ ದಿನಕ್ಕೊಂದಷ್ಟು ಹೊತ್ತು ಅಲ್ಲೇ ಊಟ ಕೊಟ್ಟು ಒಗ್ಗಿಸಬೇಕು. ಹಿಂದಿನ ವರ್ಷ ಭೇದಿಯಾಗಿದ್ದರೆ ವೈದ್ಯರನ್ನು ಆ ಎರಡು ವಾರಗಳ ಒಳಗೇ ಕಂಡು, ಆ ರಾತ್ರಿಗಳಿಗೆ ಔಷಧಿ ಬೇಕೇ ಎಂದು ವಿಚಾರಿಸಬೇಕು. ನರಕ ಚತುರ್ದಶಿಯ ದಿನ ತೆರೆದ ಕ್ಲಿನಿಕ್ ಸಿಗುವುದು ಕಷ್ಟ. ಹಬ್ಬದ ದಿನ ಸಂಜೆಯ ಊಟವನ್ನು ಕತ್ತಲಾಗುವ ಮೊದಲೇ ಮುಗಿಸಿ, ಕಿಟಕಿಗಳನ್ನು ಮುಚ್ಚಿ, ದಪ್ಪ ಬೆಡ್‌ಶೀಟನ್ನು ಪರದೆಯಾಗಿ ಕಟ್ಟಿ, ಫ್ಯಾನಿನ ಸದ್ದನ್ನೋ ಮೆಲ್ಲನೆಯ ರೇಡಿಯೊವನ್ನೋ ಹಾಕಿಡಬೇಕು. ಡಬ್ಬದೊಳಗೆ ಸೇರಿಕೊಂಡ ಬೆಕ್ಕನ್ನು ಹೊರಕ್ಕೆ ಕರೆಯದೆ ಹಾಗೆಯೇ ಬಿಡಬೇಕು. ಮರುದಿನ ಬೆಳಗ್ಗೆ ತಟ್ಟೆಯಲ್ಲಿ ಉಳಿದದ್ದನ್ನೂ ಟ್ರೇಯಲ್ಲಿ ಕಂಡದ್ದನ್ನೂ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದು, ಸದ್ದು ನಿಂತ ಮೇಲೆ ಎರಡು ಮೂರು ದಿನಗಳೊಳಗೆ ಮಲ ಗಟ್ಟಿಯಾಗದಿದ್ದರೆ ಪಟಾಕಿಯನ್ನು ದೂರುತ್ತ ಕಾಯದೆ ಆ ಕ್ಯಾಲೆಂಡರಿನ ಹಾಳೆಯ ಸಮೇತ ವೈದ್ಯರ ಬಳಿಗೆ ಹೊರಡಬೇಕು.